ಸೀನನಿಗೆ, ಎಂಟ್ ಮೈಲ್ ರಸ್ತೆಯಿಂದ

ಲೋ ಸೀನ,

ಮೂರನೇ ಇಡ್ಲಿಯ ಆಣೆ, ಪೂರ್ತಿ ಓದು. ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಿ. ಬೈಯೋದಿದ್ದರೆ ಇಲ್ಲೇ ಬೈಯಿ.

ಹದಿನೆಂಟು ವರ್ಷದಿಂದ ಅಮೆರಿಕದ ಡೆಟ್ರಾಯ್ಟ್ ಪಕ್ಕದಲ್ಲಿದ್ದೀನಿ. ಊರಿಂದ ಬಂದವರಿಗೆಲ್ಲ ನಯಾಗರ ತೋರಿಸಿದ್ದೀನಿ, ಡೆಟ್ರಾಯ್ಟ್ ತೋರಿಸಿಲ್ಲ. ಆ ಊರಿಗೂ ಉತ್ತರದ ಉಪನಗರಗಳಿಗೂ ನಡುವಿನ ಗಡಿ ಎಂಟ್ ಮೈಲ್ ರಸ್ತೆ. ‘ಅದನ್ನ ದಾಟಬೇಡಿ’ ಅಂತ ಯಾರೋ ನಂಗೆ ಹೇಳಿದ್ದರು, ನಾನೂ ಬಂದವರಿಗೆ ಹೇಳ್ತಾ ಬಂದೆ. ಹೋದ ಭಾನುವಾರ ಮಗಳ ಪ್ರಾಜೆಕ್ಟಿಗೆ ಅಂತ ದಾಟಿದ್ವಿ. ಅಲ್ಲಿ ಮನೆಗಳ ಹಿತ್ತಲಲ್ಲೇ ಒಂದು ಗೋಡೆ. ಆರಡಿ ಎತ್ತರ, ಅರ್ಧ ಮೈಲಿ ಉದ್ದ.

1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆ ಬಡಾವಣೆ ಮಾಡಹೊರಟ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿವೆ ಅಂತ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅನ್ನೋ ಸರ್ಕಾರಿ ಸಂಸ್ಥೆ ಸಾಲಕ್ಕೆ ಖಾತರಿ ಕೊಡಲಿಲ್ಲ. ನಡುವೆ ಗೋಡೆ ಎಬ್ಬಿಸಿದ, ಖಾತರಿ ಸಿಕ್ಕಿತು.

‘ಇದನ್ನ ಯಾರು ಬೇಕಾದ್ರೂ ಹತ್ತಿ ಇಳೀಬಹುದಲ್ಲಪ್ಪಾ’ ಅಂದಳು ಮಗಳು. ನಿಜ. ಅದು ಸಾಲದ ಫೈಲಿಗೆ ಅಂತ ಕಟ್ಟಿದ ಗೋಡೆ. ಸಾಲ ಸಿಕ್ಕವರಿಗೆ ಸ್ವಂತ ಮನೆ ಆಯ್ತು, ಆ ಮನೆಯ ಮೇಲೆ ಸಾಲ ತೆಗೆದು ಮಕ್ಕಳ ಕಾಲೇಜೂ ಆಯ್ತು. ಉಳಿದವರು ಬಾಡಿಗೆ ಕಟ್ಟಿದರು.

ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಬಾರದು ಅನ್ನೋ ಕಾನೂನು ಬಂದಿದ್ದು 1968ರಲ್ಲಿ. ಅಷ್ಟರಲ್ಲಿ ಬಿಳಿಯರೂ ಕಾರ್ಖಾನೆಗಳೂ ಊರಾಚೆ ಹೊರಟಾಗಿತ್ತು. 1950ರಲ್ಲಿ 18 ಲಕ್ಷ ದಾಟಿದ್ದ ಊರಲ್ಲಿ 2010ಕ್ಕೆ ಉಳಿದವರು 7 ಲಕ್ಷ ಚಿಲ್ಲರೆ. 2013ರಲ್ಲಿ ನಗರವೇ ದಿವಾಳಿ. ನಂಗೆ ಚುಚ್ಚಿದ್ದು 1974ರ ತೀರ್ಪು. ಡೆಟ್ರಾಯ್ಟ್ ಮಕ್ಕಳನ್ನೂ ಸುತ್ತಲಿನ ಉಪನಗರಗಳ ಮಕ್ಕಳನ್ನೂ ಶಾಲೆಗಳಲ್ಲಿ ಬೆರೆಸೋ ಯೋಜನೆಯನ್ನ ಸುಪ್ರೀಂ ಕೋರ್ಟ್ 5–4ರಲ್ಲಿ ತಳ್ಳಿಹಾಕಿತು. ಅಂಥದೇ ಒಂದು ಉಪನಗರದಲ್ಲಿ ‘ಸ್ಕೂಲ್ ಚೆನ್ನಾಗಿದೆ’ ಅಂತ ನಾನು ಮನೆ ತಗೊಂಡೆ.

ವಾಪಸ್ ಬರುವಾಗ ಕಾರಲ್ಲಿ ಮೈಸೂರಿನ ನಮ್ಮ ಮಹಡಿ ಮನೆ ನೆನಪಾಯ್ತು. ನೀನು ಒಬ್ಬ ಲೆಕ್ಚರರ್ ಹುಡುಗನ್ನ ಕಳಿಸಿದ್ದೆಯಲ್ಲ. ‘ಯಾವ ಜನ ಕೇಳು’ ಅಂದರು ಅಪ್ಪ. ಕೇಳಿದೆ. ಆಮೇಲೆ ನಿಂಗೆ ಫೋನ್ ಮಾಡಿ ‘ಆಗಲೇ ಬೇರೆಯವರಿಗೆ ಕೊಟ್ಟಾಯ್ತು ಕಣೋ’ ಅಂದೆ. ಕೊಟ್ಟಿರಲಿಲ್ಲ. ನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಅವನು ಈಗ ಎಲ್ಲಿದ್ದಾನೆ ಸೀನ? ನಂಬರ್ ಇದ್ದರೆ ಕಳಿಸು.

ಇಷ್ಟೆಲ್ಲ ಬರೆಯೋಕೆ ಅಂತ ಕೂತಿರಲಿಲ್ಲ. ಇಲ್ಲಿ ಹಿಮ ಕರಗಿದೆ, ಹಿತ್ತಲಲ್ಲಿ ಮೆಂತ್ಯ ಚೆಲ್ಲಿದ್ದೀನಿ. ಡಿಸೆಂಬರಿಗೆ ಬರ್ತೀವಿ. ಅತ್ತಿಗೆಗೆ ಹೇಳು, ಈ ಸಲ ಮೂರನೆಯದು ನಿಂದೇ.

ನಿನ್ನ,
ಗುಂಡ