ಗದ್ದೆ ಕ್ರಿಕೆಟ್‌ಗೂ ಒಂದು ಸ್ಕೋರ್ ಪುಸ್ತಕ ಬೇಕು

ಮಾನ್ಯರೇ,

ಕೊಯ್ಲು ಮುಗಿದ ಗದ್ದೆಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳು ಶುರುವಾಗಿವೆ. ಕಳೆದ ಭಾನುವಾರ ಪಕ್ಕದ ಊರಿನಲ್ಲಿ ಒಂದು ತಂಡ ಏಳು ರನ್ನಿಗೆ ಆಲೌಟ್ ಆಯಿತು. ಸಂಜೆ ಬಹುಮಾನ ವಿತರಣೆ ಮುಗಿಯುವ ಹೊತ್ತಿಗೆ ಸ್ಕೋರ್ ಬರೆದಿದ್ದ ಹಾಳೆ ಮಂಡಕ್ಕಿ ಪೊಟ್ಟಣವಾಗಿತ್ತು. ಆ ಏಳು ರನ್ ಯಾರು ಹೊಡೆದರು ಎಂದು ಈಗ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನನಗೆ ನಿಜಕ್ಕೂ ಸಂಕಟವಾಯಿತು.

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಲ್ಯಾಂಗ್‌ಪೋರ್ಟ್ ತಂಡ 1913ರಲ್ಲಿ ಗ್ಲಾಸ್ಟನ್‌ಬರಿ ಎದುರು ಸೊನ್ನೆಗೆ ಆಲೌಟ್ ಆಗಿತ್ತು. ಅದನ್ನು ಇಂದಿಗೂ ಹೇಳುತ್ತಾರೆ. 2014ರಲ್ಲಿ ಚೆಷೈರ್ ಲೀಗ್‌ನ ವಿರಲ್ ತಂಡ ಹ್ಯಾಸ್ಲಿಂಗ್ಟನ್ ವಿರುದ್ಧ 3 ರನ್ನಿಗೆ ಮುಗಿಯಿತು: ಮೊದಲ ಹತ್ತು ಮಂದಿಯದೂ ಸೊನ್ನೆ, ಹನ್ನೊಂದನೆಯವನದು ಒಂದು, ಉಳಿದೆರಡು ಲೆಗ್ ಬೈ (ಚೆಂಡು ಬ್ಯಾಟಿಗಲ್ಲದೆ ಮೈಗೆ ತಾಗಿ ಬಂದ ರನ್). ಇಷ್ಟು ದೂರದ ನಮಗೂ ಇದು ಗೊತ್ತಿರುವುದು ಯಾರೋ ಬರೆದಿಟ್ಟಿದ್ದರಿಂದ. ಕ್ರಿಕೆಟ್‌ನಲ್ಲಿ ಅಪಶಕುನವೆನ್ನುವ 111ಕ್ಕೆ ಸ್ಕೋರ್ ಬಂದಾಗ ಅಂಪೈರ್ ಡೇವಿಡ್ ಶೆಫರ್ಡ್ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದುದನ್ನು ಟಿವಿಯಲ್ಲಿ ನೋಡಿದವರು ಬಹಳ. ಅದೂ ಇಂಗ್ಲೆಂಡಿನ ಡೆವನ್‌ನ ಹಳ್ಳಿ ಆಟದಿಂದ ಅವರ ಜೊತೆ ಟೆಸ್ಟ್ ಮೈದಾನದವರೆಗೆ ಬಂದ ರೂಢಿ.

ನಮ್ಮಲ್ಲಿ ರೂಢಿಗಳಿಗೇನು ಬರವೇ? ಚೆಂಡು ಬೇಲಿ ದಾಟಿ ಅಡಿಕೆ ತೋಟಕ್ಕೆ ಬಿದ್ದರೆ ಸಿಕ್ಸರ್ ಅಲ್ಲ, ಔಟ್. ಚೆಂಡು ಹುಡುಕುವ ನೆಪದಲ್ಲಿ ಎಳೆಯ ಸಸಿ ತುಳಿಯಬಾರದೆಂದು ಹಿರಿಯರು ಮಾಡಿದ ನಿಯಮವದು. ಒಬ್ಬ ಆಟಗಾರ ಹೆಚ್ಚಾದರೆ ಅವನು ಎರಡೂ ತಂಡಕ್ಕೆ ಬ್ಯಾಟ್ ಮಾಡುವ ‘ಜೋಕರ್’. ಕರಾವಳಿಯಲ್ಲಂತೂ ಕೈ ಮೇಲೆತ್ತದೆ ಕೆಳಗಿನಿಂದ ಚೆಂಡೆಸೆಯುವ ಅಂಡರ್ ಆರ್ಮ್ ಕ್ರಿಕೆಟ್‌ಗೇ ಬೇರೆ ಟೂರ್ನಿಗಳಿವೆ.

ನನ್ನ ಬಳಿ 1996ರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಅಂಚು ಗೆದ್ದಲು ತಿಂದಿದೆ. ಒಂದು ಪುಟದಲ್ಲಿ, ‘4ನೇ ಓವರ್, 3ನೇ ಬಾಲ್. ಪಿಚ್ ಮೇಲೆ ಎಮ್ಮೆ ಮಲಗಿತು, ಆಟ ಇಪ್ಪತ್ತು ನಿಮಿಷ ನಿಂತಿತು’ ಎಂದು ನೀಲಿ ಶಾಯಿಯಲ್ಲಿ ಬರೆದಿದೆ. ಆ ಪುಟ ತೆರೆದರೆ ಆ ಮಧ್ಯಾಹ್ನವೇ ಕಣ್ಣೆದುರು ಬರುತ್ತದೆ. ಬರೆದ ಗೆಳೆಯ ಈಗಿಲ್ಲ.

ಶಾಮಿಯಾನ, ಮೈಕು, ಫ್ಲೆಕ್ಸ್‌ಗೆ ಸಾವಿರಗಟ್ಟಲೆ ಖರ್ಚು ಮಾಡುವ ಸಂಘಟಕರು ಒಂದು ಸ್ಕೋರ್ ಪುಸ್ತಕವನ್ನೂ ಕೊಳ್ಳಲಿ. ಟೂರ್ನಿ ಮುಗಿದ ಮೇಲೆ ಅದನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇಡಲಿ. ತಮ್ಮ ಪತ್ರಿಕೆಯ ತಾಲ್ಲೂಕು ಪುಟದಲ್ಲಿ ಗೆದ್ದವರ ಫೋಟೊದ ಕೆಳಗೆ ಎರಡು ಸಾಲು ಸ್ಕೋರನ್ನೂ ಹಾಕಬೇಕೆಂದು ಕೋರುತ್ತೇನೆ. ನನ್ನ ನೋಟ್‌ಬುಕ್ಕನ್ನು ಈ ವಾರವೇ ನಮ್ಮೂರಿನ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ.

– ಓದುಗ, ತೀರ್ಥಹಳ್ಳಿ ತಾಲ್ಲೂಕು