ಬ್ಯಾಟರಿ ಬದಲಿಸಲು ಕೊಟ್ಟ ಫೋನು, ಅಳಿಸಿ ಹೋದ ತೋಟ: ಒಂದು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ಫೋನ್ ಮಾಡಿ, ಮೇಲ್ ಕಳಿಸಿ, ನಿಮ್ಮ ಆ್ಯಪಿನ ಚಾಟ್ ಯಂತ್ರದ ಜೊತೆ ಹರಟಿ ಎಲ್ಲಾ ಆಯಿತು. ನಿನ್ನೆ ನಿಮ್ಮಿಂದ ಮೆಸೇಜ್ ಬಂತು: "ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸಮಾಧಾನದಿಂದಲೇ ಬರೆಯಬೇಕು ಅಂದುಕೊಂಡಿದ್ದೇನೆ. ನೋಡೋಣ.

ನನ್ನ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಕವರ್ ಮೇಲೆದ್ದಿತ್ತು. ನಿಮ್ಮ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಕೊಟ್ಟೆ. "ಬ್ಯಾಟರಿ ಬದಲಾವಣೆ ಮಾತ್ರ, ಡೇಟಾ ಅಳಿಸಬಾರದು" ಅಂತ ಜಾಬ್‌ಶೀಟಿನಲ್ಲಿ ನಿಮ್ಮ ಹುಡುಗನೇ ಬರೆದ, ನಾನು ಸಹಿ ಹಾಕಿದೆ. ಅದೇ ಹಾಳೆಯ ಹಿಂದೆ ನಿಮ್ಮ ನಿಯಮವೂ ಇದೆ: ಗ್ರಾಹಕರ ಲಿಖಿತ ಒಪ್ಪಿಗೆ ಇಲ್ಲದೆ ಫೋನ್ ರೀಸೆಟ್ ಮಾಡುವಂತಿಲ್ಲ. ನೀವೇ ಅಚ್ಚು ಹಾಕಿಸಿದ ಮಾತು, ನಾನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬ್ಯಾಟರಿ ಬದಲಿಸುವುದಕ್ಕೆ ರೀಸೆಟ್ ಬೇಕಿಲ್ಲ ಅನ್ನುವುದೂ ನಿಮಗೆ ಗೊತ್ತಿರುತ್ತದೆ, ಅಲ್ವಾ? ಫೋನ್ ವಾಪಸ್ ಬಂದಾಗ ಪರದೆಯ ಮೇಲೆ "ಸ್ವಾಗತ, ಭಾಷೆ ಆರಿಸಿ" ಅಂತಿತ್ತು. ಬಿಲ್ಲಿನಲ್ಲಿ "ಸಾಫ್ಟ್‌ವೇರ್ ಸರ್ವಿಸ್" ಅಂತ ಇನ್ನೊಂದು ಸಾಲು. ಅಳಿಸಿದ್ದಕ್ಕೂ ಕೂಲಿ!

ಫೋಟೋ, ಫೋನ್ ನಂಬರ್ ಎಲ್ಲಾ ಗೂಗಲ್‌ನಿಂದ ವಾಪಸ್ ಬಂದವು. ಬಾರದೇ ಹೋದದ್ದು ನನ್ನ ತೋಟ.

ಸ್ಟಾರ್‌ಡ್ಯೂ ವ್ಯಾಲಿ ಅಂತ ತೋಟ ಮಾಡುವ ಒಂದು ಆಟ ಇದೆ. ಎರಿಕ್ ಬರೋನ್ ಅನ್ನುವವರು ಚಿತ್ರ, ಸಂಗೀತ, ಕತೆ ಎಲ್ಲವನ್ನೂ ಒಬ್ಬರೇ ಮಾಡಿ 2016ರಲ್ಲಿ ಹೊರತಂದದ್ದು. ಆಂಡ್ರಾಯ್ಡ್‌ಗೆ 2019ರಲ್ಲಿ ಬಂತು. ಪುಕ್ಕಟೆ ಆಟವಲ್ಲ, ದುಡ್ಡು ಕೊಟ್ಟು ಕೊಂಡಿದ್ದೇನೆ. 2024ರ ನವೆಂಬರಿನಲ್ಲಿ ಮೊಬೈಲಿಗೆ 1.6 ಅನ್ನುವ ದೊಡ್ಡ ಅಪ್‌ಡೇಟ್ ಬಂದಾಗಲೂ ನನ್ನ ತೋಟಕ್ಕೆ ಏನೂ ಆಗಲಿಲ್ಲ. ನಿಮ್ಮ ಸ್ಕ್ರೂಡ್ರೈವರ್ ಮುಂದೆ ಮಾತ್ರ ಉಳಿಯಲಿಲ್ಲ.

ಆ ತೋಟ ಹೇಗಿತ್ತು ಅಂತ ಹೇಳುತ್ತೇನೆ, ಯಾಕೆಂದರೆ ನಿಮ್ಮವರು ಕೇಳಿದ್ದು ಇದನ್ನೇ, ಕೇಳಿಸಿಕೊಳ್ಳಲಿಲ್ಲ ಅಷ್ಟೇ. ನಾಲ್ಕನೇ ವರ್ಷದ ಬೇಸಿಗೆ ನಡೆಯುತ್ತಿತ್ತು. ಆಟದ ಬೇಸಿಗೆಯಲ್ಲಿ 13 ಮತ್ತು 26ನೇ ತಾರೀಕು ಗುಡುಗು ಮಳೆ ಖಾಯಂ. ಸಿಡಿಲು ತಡೆಯುವ ರಾಡ್ ಇಲ್ಲದಿದ್ದರೆ ಅದು ಬೆಳೆಗೆ ಬೀಳಬಹುದು. ಹಣ್ಣಿನ ಮರಕ್ಕೆ ಬಿದ್ದರೆ ನಾಲ್ಕು ದಿನ ಹಣ್ಣಿನ ಬದಲು ಇದ್ದಿಲು. ಲೈಟ್ನಿಂಗ್ ರಾಡ್ ಇದ್ದರೆ ಸಿಡಿಲನ್ನು ತಾನೇ ಹಿಡಿದು ಮರುದಿನ ಒಂದು ಬ್ಯಾಟರಿ ಕೊಡುತ್ತದೆ. ಒಂದು ರಾಡಿಗೆ ಒಂದು ಕಬ್ಬಿಣದ ಗಟ್ಟಿ, ಒಂದು ಶುದ್ಧ ಮಾಡಿದ ಕ್ವಾರ್ಟ್ಜ್, 5 ಬಾವಲಿ ರೆಕ್ಕೆ ಬೇಕು. ಆ ರೆಕ್ಕೆಗಾಗಿ ಗಣಿಯೊಳಗೆ ಇಳಿದು ಬಾವಲಿ ಹೊಡೆಯಬೇಕು. ರಾಡನ್ನು ತೋಟದಲ್ಲಿ ಎಲ್ಲಿ ನೆಟ್ಟರೂ ನಡೆಯುತ್ತದೆ. ಆದರೆ ಬ್ಯಾಟರಿ ತೆಗೆಯದೆ ಬಿಟ್ಟ ರಾಡ್ ಮುಂದಿನ ಸಿಡಿಲನ್ನು ಹಿಡಿಯುವುದಿಲ್ಲ. ಹಾಗಾಗಿ ಮನೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯುದ್ದಕ್ಕೂ ಸಾಲಾಗಿ ನೆಟ್ಟಿದ್ದೆ. ಬೆಳಿಗ್ಗೆ ಹಸು ಸವರಲು ಹೋಗುವಾಗ ಬ್ಯಾಟರಿಯೂ ಕೈಗೆ ಬರಬೇಕು, ಎರಡು ಸುತ್ತು ಬೇಡ ಅಂತ. ಆ ಬ್ಯಾಟರಿಗಳೇ ಬೆಳೆಗೆ ತಾನಾಗಿ ನೀರು ಹಾಯಿಸುವ ಇರಿಡಿಯಂ ಸ್ಪ್ರಿಂಕ್ಲರ್ ಆಗುತ್ತಿದ್ದವು.

ಪ್ರಾಣಿಗಳದ್ದು ಇನ್ನೊಂದು ಕತೆ. ದಿನಾ ಸವರಬೇಕು, ಮೇವು ಇದೆಯಾ ನೋಡಬೇಕು. ಮೇವು ಕೂಡಿಡುವ ಸೈಲೋ ಒಂದಕ್ಕೆ 240 ಹುಲ್ಲು ಹಿಡಿಯುತ್ತದೆ. ಚಳಿಗಾಲದಲ್ಲಿ ಹೊರಗೆ ಹುಲ್ಲು ಬೆಳೆಯುವುದಿಲ್ಲ, ಅಷ್ಟರೊಳಗೆ ತುಂಬಿಸಬೇಕು. ಸಂಜೆ ಅವು ಒಳಗೆ ಬರುವ ಮೊದಲೇ ಬಾಗಿಲು ಹಾಕಿದರೆ ಹೊರಗೇ ಉಳಿಯುತ್ತವೆ. ರಾತ್ರಿ ಕಾಡುಪ್ರಾಣಿ ಬಂದರೆ ಒಂದು ಹೋಯಿತು ಅಂತಲೇ ಲೆಕ್ಕ. ನನ್ನ ಹಸುಗಳ ಹೆಸರು ತುಂಗೆ, ಭದ್ರೆ. ಹಂದಿಯ ಹೆಸರು ಗುಂಡ. ಅವನನ್ನು ಕೊಳ್ಳಲು ಎರಡು ಹಂಗಾಮಿನ ಬೆಳೆ ಸುರಿದಿದ್ದೆ.

ಈಗ ನಿಮ್ಮ ಕೌಂಟರಿಗೆ ಬರೋಣ. ಅಲ್ಲಿದ್ದವರ ಹೆಸರು ಬರೆಯುವುದಿಲ್ಲ, ಪಾಪ. "ಏನು ಡೇಟಾ ಹೋಗಿದೆ ಮೇಡಂ?" ಅಂದರು.

"ತೋಟ" ಅಂದೆ.

"ತೋಟದ ಪಹಣಿನಾ? ಅದು ಭೂಮಿ ಸೈಟಲ್ಲಿ ಮತ್ತೆ ಸಿಗುತ್ತೆ ಬಿಡಿ."

"ಪಹಣಿ ಅಲ್ಲ. ಆಟದ ತೋಟ. ಹಸು, ಕೋಳಿ, ಹಂದಿ ಎಲ್ಲಾ ಇದ್ದವು."

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು: "ಲೋ, ಮೇಡಂದು ಹಸು ಡಿಲೀಟ್ ಮಾಡಿದ್ಯೇನೋ?"

ಒಳಗಿಂದ ಉತ್ತರ ಬಂತು: "ಹಸುನಾ? ಎಷ್ಟು ಜಿಬಿ?"

ಟೋಕನ್ ಹಿಡಿದು ಕೂತಿದ್ದವರೆಲ್ಲಾ ನಕ್ಕರು. ಒಬ್ಬರು ಹಿರಿಯರು ಮಾತ್ರ ನಗಲಿಲ್ಲ. ಎದ್ದು ಬಂದು, "ಏನಮ್ಮಾ, ಹಸು ಕಳೆದು ಹೋಯ್ತಾ? ಯಾವ ಊರು ನಿಮ್ಮದು?" ಅಂತ ಕೇಳಿದರು. ಅವರಿಗೆ ಏನಂತ ಹೇಳಲಿ? ಅವತ್ತು ನಿಮ್ಮ ಸೆಂಟರಿನಲ್ಲಿ ನನ್ನ ಕಷ್ಟ ವಿಚಾರಿಸಿದವರು ಅವರೊಬ್ಬರೇ. ಅವರು ನಿಮ್ಮ ನೌಕರರಲ್ಲ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದರು. ನಷ್ಟದ ಬೆಲೆ ಎಷ್ಟು ಅಂದರು. ಬೆಲೆ ಕಟ್ಟುವಂಥದ್ದಲ್ಲ ಅಂತ ತಿಳಿಯಲಿ ಎಂದು ರಾಡು, ಕೊಟ್ಟಿಗೆ, ಸೈಲೋ ಎಲ್ಲಾ ವಿವರಿಸಿದೆ. ಆಟದಲ್ಲಿ ಹಂದಿಗೆ 16,000 ಚಿನ್ನದ ನಾಣ್ಯ ಅಂದದ್ದೇ ತಡ, "ಹಂದಿಗೆ ಹದಿನಾರು ಸಾವಿರನಾ!" ಅಂತ ಅವರು ಹುಬ್ಬೇರಿಸಿದರು. ಮತ್ತೆ ನಗು. ಕೊನೆಗೆ ನನ್ನ ಹೆಗಲ ಆಚೆ ಜನರನ್ನು ನೋಡುತ್ತಾ ಹೇಳಿದರು: "ಅಲ್ಲಾ ಮೇಡಂ, ಸಿಡಿಲು ಹೊಡೆದೇ ನಿಮ್ಮ ಹಸುಗಳು ಹೋಗಿರಬಹುದಲ್ವಾ?"

ಆ ಆಟದಲ್ಲಿ ಮಳೆ ಬಂದರೆ ಹಸುಗಳು ಕೊಟ್ಟಿಗೆಯಿಂದ ಹೊರಗೇ ಬರುವುದಿಲ್ಲ ಅಂತ ನಾನು ಹೇಳಿದೆ. ಅಷ್ಟು ಜನರ ಮುಂದೆ, ಪೂರ್ತಿ ಗಂಭೀರವಾಗಿ ಹೇಳಿದೆ. ಅದು ನಿಜ ಕೂಡ. ಆದರೆ ಅದನ್ನು ಹೇಳಿ ಮುಗಿಸಿದಾಗ ಎದ್ದ ನಗು ಇದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಹುಡುಗಿ ಫೋನ್ ಎತ್ತಿ ಹಿಡಿದಿದ್ದಳು, ವಿಡಿಯೋ ಮಾಡುತ್ತಿದ್ದಳೋ ಏನೋ.

ಸೂಪರ್‌ವೈಸರ್ ದೂರಿನ ರಿಜಿಸ್ಟರ್ ತೆಗೆದು ಬರೆದರು. ನಾನು ತಲೆಕೆಳಗಾಗಿಯೇ ಓದಿದೆ: "ಗ್ರಾಹಕರ ಹಸು ಕಾಣೆ. ತಿಳಿಹೇಳಲಾಗಿದೆ." ಜಾಬ್‌ಶೀಟಿನ ಮಾತಿಲ್ಲ. ರೀಸೆಟ್ ಮಾಡಿದ್ದು ಯಾರು, ಯಾಕೆ, ಯಾರನ್ನು ಕೇಳಿ ಅನ್ನುವ ಮಾತಿಲ್ಲ. "ಹೊಸದಾಗಿ ಶುರು ಮಾಡಿ ಮೇಡಂ, ಟೈಂಪಾಸ್ ಆಗುತ್ತೆ" ಅಂದರು. ಅವರ ದೊಡ್ಡ ಮನಸ್ಸು.

ಆಮೇಲೆ ನಿಮ್ಮ ಕಾಲ್ ಸೆಂಟರಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ಟೆಕ್ನಿಕಲ್ ಟೀಮ್ ನೋಡುತ್ತಿದೆ ಅಂದವರಿದ್ದಾರೆ. ಆಟ ಮಾಡಿದ ಕಂಪನಿಗೆ ದೂರು ಕೊಡಿ ಅಂದವರೂ ಇದ್ದಾರೆ. ಅಳಿಸಿದ್ದು ನೀವು, ಉತ್ತರ ಕೊಡಬೇಕಾದವರು ಆಟ ಮಾಡಿದ ಅಮೆರಿಕದವರಂತೆ.

ಕಳೆದದ್ದು ಆಟದ ಫೈಲಾದರೇನು, ಅಂಗಡಿಯ ಲೆಕ್ಕವಾದರೇನು, ಮಗುವಿನ ಫೋಟೋ ಆದರೇನು? ಫೋನಿನಲ್ಲಿ ಇದ್ದದ್ದು ನನ್ನದು. ಅದು ಮುಖ್ಯವೋ ಅಲ್ಲವೋ ಅಂತ ತೀರ್ಮಾನಿಸುವ ಕೆಲಸಕ್ಕೆ ನಾನು ನಿಮಗೆ ದುಡ್ಡು ಕೊಟ್ಟಿರಲಿಲ್ಲ. ಬ್ಯಾಟರಿ ಹಾಕಲು ಕೊಟ್ಟಿದ್ದೆ.

ತೋಟ ವಾಪಸ್ ತಂದುಕೊಡಿ ಅಂತ ನಾನು ಕೇಳುವುದಿಲ್ಲ, ನಿಮ್ಮಿಂದ ಆಗುವುದೂ ಇಲ್ಲ. "ಸಾಫ್ಟ್‌ವೇರ್ ಸರ್ವಿಸ್" ಅಂತ ಕಿತ್ತುಕೊಂಡ ದುಡ್ಡು ವಾಪಸ್ ಬರಬೇಕು. ಒಪ್ಪಿಗೆ ಇಲ್ಲದೆ ರೀಸೆಟ್ ಮಾಡಿದ್ದೇವೆ ಅಂತ ಲೆಟರ್‌ಹೆಡ್ ಮೇಲೆ ಬರೆದು ಕೊಡಬೇಕು. ಹದಿನೈದು ದಿನ ಕಾಯುತ್ತೇನೆ.

ಆಮೇಲೆ ಕಾಯುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು ಹೇಗಂತ ನನಗೆ ಗೊತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಸೇವಾ ನ್ಯೂನತೆ ಅನ್ನುತ್ತಾರೆ. ನಾನು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ನನ್ನದು ನಾನೇ ವಾದಿಸಬಹುದು, ಎರಡು ವರ್ಷ ಸಮಯವಿದೆ. ನನಗೆ ಆತುರವಿಲ್ಲ. ಗಣಿಯಲ್ಲಿ ಬಾವಲಿ ರೆಕ್ಕೆ ಕೂಡಿಸಿದವಳು ನಾನು.

ಜಾಬ್‌ಶೀಟಿನ ಎರಡೂ ಬದಿಯ ಪ್ರತಿ, ಬಿಲ್ಲು ಲಗತ್ತಿಸಿದ್ದೇನೆ. ನಿಮ್ಮ ರಿಜಿಸ್ಟರಿನ ಆ ಪುಟವನ್ನು ಆಯೋಗದ ಮುಂದೆ ತರಿಸಲು ಅರ್ಜಿ ಹಾಕುತ್ತೇನೆ, ಹರಿದು ಹಾಕಬೇಡಿ. ನಿಮ್ಮ ಪರವಾಗಿ ಬರುವ ವಕೀಲರಿಗೂ ಮೊದಲೇ ಹೇಳಿ ಕಳಿಸಿ: ಮಳೆಯಲ್ಲಿ ಹಸು ಹೊರಗೆ ಬರುವುದಿಲ್ಲ.

ಇಂತಿ,
ನಿಮ್ಮ ರಿಜಿಸ್ಟರಿನಲ್ಲಿ ಹಸು ಕಳೆದುಕೊಂಡ ಗ್ರಾಹಕಿ
ಶಿವಮೊಗ್ಗ