ಎಲ್ಲರಿಗೂ ಒಂದೇ ಬಕೆಟ್, ಇದೆಂಥ ಸೋಂಕು ತಡೆ?

ಮಾನ್ಯ ಸಂಪಾದಕರೇ,

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹರಡದಂತೆ ಐಸಿಯು ರೋಗಿಗಳಿಗೆ ಆಂಟಿಸೆಪ್ಟಿಕ್ ಸ್ನಾನ ಮಾಡಿಸುವ ಬಗ್ಗೆ ನಿಮ್ಮ ಜಿಲ್ಲಾ ಪುಟದ ವರದಿ ಓದಿದೆ. ವಿಷಯ ಒಳ್ಳೆಯದೇ. ಆದರೆ ಆ ಸ್ನಾನ ನಮ್ಮ ರಾಯಚೂರಿನಲ್ಲಿ ಹೇಗೆ ನಡೆಯುತ್ತಿದೆ ಅನ್ನುವುದು ಅದರಲ್ಲಿ ಇರಲಿಲ್ಲ. ನಿನ್ನೆ ಕಣ್ಣಾರೆ ನೋಡಿ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಅವ್ವ ಊರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಬೆಳಿಗ್ಗೆ ಸಿಸ್ಟರ್ ಕೈಗೊಂದು ಚೀಟಿ ಕೊಟ್ಟರು. ಅದರಲ್ಲಿ ‘ಕ್ಲೋರ್‌ಹೆಕ್ಸಿಡಿನ್’ ಅಂತ ಒಂದೇ ಪದ, ಆ ಸ್ನಾನಕ್ಕೆ ಮೈ ಒರೆಸುವ ಆಂಟಿಸೆಪ್ಟಿಕ್ ಔಷಧಿ ಅದು. ಎಷ್ಟು ಪರ್ಸೆಂಟ್, ಯಾತಕ್ಕೆ, ಏನೂ ಬರೆದಿಲ್ಲ. ಕೆಳಗಿನ ಮೆಡಿಕಲ್‌ನಲ್ಲಿ ಸ್ಟಾಕ್ ಇಲ್ಲ. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ, ಆ ಬಿಸಿಲಲ್ಲಿ ಸ್ಟೇಷನ್ ರೋಡ್ ತನಕ ಹೋದೆ. ಅಂಗಡಿಯವರು ಚೀಟಿ ನೋಡಿ ಬಾಯಿ ಮುಕ್ಕಳಿಸುವ ಶೇ 0.2ರ ಬಾಟಲಿ ಕೊಟ್ಟರು. ತಂದು ಕೊಟ್ಟರೆ ಸಿಸ್ಟರ್ ಎಲ್ಲರೆದುರಿಗೆ, ‘ಇದು ಮೌತ್‌ವಾಶ್ ರೀ, ಅಷ್ಟೂ ಗೊತ್ತಾಗಲ್ವಾ?’ ಅಂತ ರೇಗಿದರು. ಮೈ ಒರೆಸಲು ಶೇ 2ರದ್ದು ಬೇಕಂತೆ. ಅದನ್ನು ಚೀಟಿಯಲ್ಲಿ ಬರೆಯೋಕೆ ಏನು ಕಷ್ಟ? ಮತ್ತೆ ಬಿಸಿಲು, ಮತ್ತೆ ಆಟೊ.

ಅಷ್ಟಾದ ಮೇಲೆ ನಡೆದದ್ದೇ ನನಗೆ ಜಾಸ್ತಿ ಸಂಕಟ. ಅವ್ವನನ್ನು ಮಗ್ಗುಲಿಗೆ ಹೊರಳಿಸಿ ಹಿಡಿಯಲು ಆಳು ಕಡಿಮೆ ಅಂತ ನನ್ನನ್ನೇ ಒಳಗೆ ಕರೆದರು. ಆಯಾ ಬಕೆಟ್ ನೀರಿಗೆ ಔಷಧಿಯನ್ನು ಕಣ್ಣಂದಾಜಿನಲ್ಲಿ ಸುರಿದರು. ಮೊದಲು ಪಕ್ಕದ ಬೆಡ್‌ನ ಹಿರಿಯರ ಮೈ ಒರೆಸಿದರು. ಅವರ ಕಾಲಿಗೆ ಪಟ್ಟಿ ಕಟ್ಟಿತ್ತು, ಅಂಚಿನಲ್ಲಿ ಕೀವು ಕಾಣುತ್ತಿತ್ತು. ಆ ಬಟ್ಟೆಯನ್ನು ಅದೇ ಬಕೆಟ್‌ನಲ್ಲಿ ಅದ್ದಿ ಹಿಂಡಿ, ನಮ್ಮವ್ವನ ಕುತ್ತಿಗೆಗೆ ಹಚ್ಚಿದರು. ಅಲ್ಲೇ ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಪೈಪ್ ಇದೆ. ‘ಅಮ್ಮಾ, ಬೇರೆ ಬಟ್ಟೆ ಇಲ್ವಾ?’ ಅಂದೆ. ‘ಎಲ್ಲಾ ಔಷಧಿ ನೀರೇ ಅಲ್ವಾ ಅಣ್ಣಾ’ ಅಂದರು. ಕೈಯಲ್ಲಿ ಗ್ಲೌಸ್ ಇತ್ತು ನಿಜ. ಅದೇ ಗ್ಲೌಸ್‌ನಲ್ಲಿ ಬಾಗಿಲ ಹಿಡಿಕೆ, ಅದೇ ಗ್ಲೌಸ್‌ನಲ್ಲಿ ಮೊಬೈಲ್. ಕೊನೆಗೆ ಸೋಪು ಹಚ್ಚಿ, ಬರೀ ನೀರಲ್ಲಿ ಪೂರ್ತಿ ತೊಳೆದೂಬಿಟ್ಟರು!

ಈ ಔಷಧಿಯನ್ನು ಮೈಮೇಲೆ ಹಾಗೇ ಒಣಗಲು ಬಿಡಬೇಕು. ಚರ್ಮದ ಮೇಲೆ ಉಳಿದರೇ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಮೇಲಿಂದ ಸೋಪು ಹಾಕಿದರೆ ಹಚ್ಚಿದ್ದು ದಂಡ. ಕಣ್ಣು, ಕಿವಿಯೊಳಗೆ ಹೋಗಬಾರದು, ಹಾಗಾಗಿ ಕುತ್ತಿಗೆಯಿಂದ ಕೆಳಗಷ್ಟೇ ಒರೆಸಬೇಕು. ಮೈಯ ಒಂದೊಂದು ಭಾಗಕ್ಕೆ ಒಂದೊಂದು ಬಟ್ಟೆ, ಬಳಸಿ ಬಿಸಾಡುವಂಥದ್ದು ಇರಬೇಕು. ಅಮೆರಿಕದಲ್ಲಿ 43 ಆಸ್ಪತ್ರೆಗಳ 74 ಐಸಿಯುಗಳನ್ನು ಮೂರು ಗುಂಪು ಮಾಡಿ ಪರೀಕ್ಷೆ ಮಾಡಿದ್ದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎಲ್ಲ ರೋಗಿಗಳಿಗೂ ದಿನಾ ಹೀಗೆ ಮೈ ಒರೆಸಿ, ಮೂಗಿಗೆ ಮುಲಾಮು ಹಚ್ಚಿದ ಗುಂಪಿನಲ್ಲಿ ರಕ್ತಕ್ಕೆ ಸೋಂಕು ತಗಲುವುದು ಶೇ 44ರಷ್ಟು ಇಳಿಯಿತು. ಅಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋಗಲಿಲ್ಲ. ಇಲ್ಲಿ ಒಬ್ಬರ ಮೈಯ ಸೋಂಕನ್ನು ನಾವೇ ಬಕೆಟ್‌ನಲ್ಲಿ ಹೊತ್ತು ಮುಂದಿನ ಬೆಡ್‌ಗೆ ಮುಟ್ಟಿಸುತ್ತಿದ್ದೇವೆ. ಎಂಆರ್‌ಎಸ್‌ಎ, ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಒಮ್ಮೆ ಹತ್ತಿಕೊಂಡರೆ ಎಷ್ಟೋ ಸಲ ದುಬಾರಿ ಇಂಜೆಕ್ಷನ್‌ಗೂ ಜಗ್ಗುವುದಿಲ್ಲ. ಆಗ ‘ಪೇಷಂಟ್ ಬಾಡಿ ರೆಸ್ಪಾಂಡ್ ಮಾಡ್ತಿಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ರೋಗಿಯನ್ನು ಮುಟ್ಟುವ ಮೊದಲು ತೊಳೆಯಬೇಕಾದ ಕೈ ಅದು!

ನಾನು ಆಯಾನ ಬಯ್ಯುತ್ತಿಲ್ಲ. ಅವರಿಗೆ ಯಾರೂ ಕಲಿಸಿಲ್ಲ. ಕಲಿಸಬೇಕಾದವರು ಬಿಲ್ ಮಾಡುವುದರಲ್ಲಿ ಮುಳುಗಿದ್ದಾರೆ. ದಿನದ ಬಿಲ್‌ನಲ್ಲಿ ‘ಹೈಜೀನ್ ಚಾರ್ಜ್’ ಅಂತ ಬೇರೆ ಇದೆ. ಬಾಟಲಿ ನಮ್ಮದು, ಓಡಾಟ ನಮ್ಮದು, ಹೊರಳಿಸಿ ಹಿಡಿಯುವ ಕೈಯೂ ನಮ್ಮದು. ಮತ್ತೆ ಚಾರ್ಜ್ ಯಾವುದಕ್ಕೆ? ಕೇಳಿದರೆ ‘ಕಂಪ್ಯೂಟರ್‌ನಲ್ಲಿ ಹಾಗೇ ಬರುತ್ತೆ ಸರ್’.

ಖಾಸಗಿ ಆಸ್ಪತ್ರೆಗಳ ಮೇಲೆ ಕಣ್ಣಿಡಲೆಂದೇ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಇದೆ, 2017ರಲ್ಲಿ ತಿದ್ದುಪಡಿಯೂ ಆಗಿದೆ. ಜಿಲ್ಲಾಧಿಕಾರಿಗಳೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ದರಪಟ್ಟಿ ಕಾಣುವಂತೆ ಹಾಕಬೇಕು ಅಂತ ಅದರಲ್ಲೇ ಇದೆ. ನಾನು ನೋಡಿದ ಗೋಡೆಯ ಮೇಲೆ ದೇವರ ಫೋಟೊ ಇತ್ತು, ದರಪಟ್ಟಿ ಇರಲಿಲ್ಲ. ದೂರು ಹೇಳೋಣ ಅಂತ ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಈ ಸಾಹೇಬರು ಮೀಟಿಂಗ್‌ನಿಂದ ಹೊರಗೆ ಬರುವುದು ಯಾವಾಗ? 2022ರ ಬೇಸಿಗೆಯಲ್ಲಿ ಇದೇ ಊರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಎಡಬಲಕ್ಕೆ ಕೃಷ್ಣಾ, ತುಂಗಭದ್ರಾ ಇಟ್ಟುಕೊಂಡು ಶುದ್ಧ ನೀರು ಕೊಡಲಾಗಲಿಲ್ಲ. ಆಗಲೂ ಮೀಟಿಂಗ್‌ಗಳಾದವು. ಏಮ್ಸ್‌ಗಾಗಿ ಅದೇ 2022ರಲ್ಲಿ ಧರಣಿ ಕೂತವರಿಗೆ ಸಿಕ್ಕಿದ್ದು ಬರೀ ಭರವಸೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಬಂದು ವರ್ಷಗಳಾದವು, ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ಕೋಟಿಗಟ್ಟಲೆ ಅನುದಾನ ಅಂತ ಓದುತ್ತಲೇ ಇದ್ದೇವೆ. ಒಬ್ಬ ರೋಗಿಗೆ ಒಂದು ಬೇರೆ ಬಟ್ಟೆ ಕೊಡುವಷ್ಟಾದರೂ ನಮ್ಮ ತನಕ ಬರಬೇಕಲ್ವಾ?

ಅಧಿಕಾರಿಗಳು ಕೂಡಲೇ ಎಲ್ಲ ಐಸಿಯುಗಳಿಗೆ ಹೋಗಿ ನೋಡಬೇಕು. ಮುಂಚೆ ತಿಳಿಸಿ ಹೋಗುವುದಾದರೆ ಹೋಗಲೇಬೇಡಿ, ಅವತ್ತು ಮಾತ್ರ ಹೊಸ ಬಕೆಟ್ ಬರುತ್ತದೆ. ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ಅಥವಾ ಈ ಸ್ನಾನವನ್ನೇ ನಿಲ್ಲಿಸಬೇಕು. ಸರಿಯಾಗಿ ಮಾಡಿ, ಇಲ್ಲವೇ ಬಿಡಿ. ಹೈಜೀನ್ ಚಾರ್ಜ್ ವಾಪಸ್ ಕೊಡಿಸಬೇಕು. ಜಿಲ್ಲಾಡಳಿತಕ್ಕೆ ಇಷ್ಟೂ ಆಗದಿದ್ದರೆ ಇನ್ನೇನು ಮಾಡಲು ಕುರ್ಚಿಯಲ್ಲಿ ಕೂತಿದ್ದೀರಿ ಅಂತ ಕೇಳುತ್ತಿದ್ದೇನೆ, ಉತ್ತರ ಕೊಡಿ.

– ನೊಂದ ಓದುಗ, ರಾಯಚೂರು